ಎಸ್‌ಡಬ್ಲ್ಯುಆರ್ ಚೆನ್ನಾಗಿದ್ದದ್ದೇ ಅನುಮಾನಕ್ಕೆ ಕಾರಣವಾಯಿತು: ಜೋಡಿಸಿದ ಕೋಯಾಕ್ಸ್ ಕೇಬಲ್ಲಿನ ದೋಷ ಹುಡುಕಿದ ನನ್ನ ಅನುಭವ

ಮಲೆನಾಡಿನ ನಮ್ಮ ಮನೆಯಲ್ಲಿ ಹವ್ಯಾಸಿ (ಹ್ಯಾಮ್) ರೇಡಿಯೊಗಾಗಿ ಹಾಕಿದ 7 ಮೆಗಾಹರ್ಟ್ಸ್ ಬ್ಯಾಂಡಿನ ಇನ್ವರ್ಟೆಡ್-ವಿ ಆಂಟೆನಾ (ನಡು ಮೇಲಿದ್ದು ಎರಡು ತೋಳುಗಳು ಕೆಳಗಿಳಿಯುವ ತಂತಿಯ ಡೈಪೋಲ್) ಅಡಿಕೆ ತೋಟದ ಅಂಚಿನ ಕಂಬದ ಮೇಲಿದ್ದು, ಅಲ್ಲಿಂದ ರಿಗ್‌ವರೆಗೆ (ರೇಡಿಯೊ ಯಂತ್ರದವರೆಗೆ) ಸುಮಾರು 30 ಮೀಟರ್ ಆರ್‌ಜಿ-58 ಕೇಬಲ್ ಬರುತ್ತದೆ. ಇದು ಕೋಯಾಕ್ಸ್, ಅಂದರೆ ಒಳತಂತಿಯ ಸುತ್ತ ಪಾಲಿಎಥಿಲೀನ್, ಅದರ ಸುತ್ತ ತಾಮ್ರದ ಜಾಲರಿ ಇರುವ ಕೇಬಲ್. ಅಷ್ಟು ಉದ್ದದ ಒಂದೇ ತುಂಡು ಸಿಗದ ಕಾರಣ ಎರಡು ಕಡೆ ಜಾಯಿಂಟ್ ಹಾಕಬೇಕಾಗಿತ್ತು. ಮಾಡಿನ ಕೆಳಗೆ ಪಿಎಲ್-259 ಕನೆಕ್ಟರುಗಳನ್ನು ಬ್ಯಾರೆಲ್‌ನಿಂದ ಕೂಡಿಸಿದ ಜಾಯಿಂಟ್ ಒಂದಾದರೆ, ತೋಟದ ನಡುವೆ ಬೆಸುಗೆ ಹಾಕಿ ಟೇಪ್ ಸುತ್ತಿದ ಜಾಯಿಂಟ್ ಇನ್ನೊಂದು.

ಮಳೆಗಾಲ ಕಳೆದ ಮೇಲೆ ಮೀಟರು ನೋಡಿದಾಗ ಎಸ್‌ಡಬ್ಲ್ಯುಆರ್ (ಕಳಿಸಿದ ಶಕ್ತಿ ಎಷ್ಟರಮಟ್ಟಿಗೆ ಪ್ರತಿಫಲಿಸಿ ಹಿಂದೆ ಬರುತ್ತದೆ ಎಂದು ತೋರಿಸುವ ಅಂಕಿ; 1 ಎಂದರೆ ಪ್ರತಿಫಲನವೇ ಇಲ್ಲ) ಮೊದಲಿಗಿಂತ ಚೆನ್ನಾಗಿತ್ತು. 7.0ರಿಂದ 7.2 ಮೆಗಾಹರ್ಟ್ಸ್‌ವರೆಗೆ ಎಲ್ಲಿಯೂ 1.5 ದಾಟುತ್ತಿರಲಿಲ್ಲ. ಇದನ್ನು ಕಂಡು ಸಂತೋಷಪಡುವವರೇ ಹೆಚ್ಚು. ಆದರೆ ಬ್ಯಾಂಡಿನ ಹೊರಗೆ, 6.5 ಮೆಗಾಹರ್ಟ್ಸ್‌ನಲ್ಲಿ ನೋಡಿದರೂ ಅಂಕಿ ಎರಡರೊಳಗೇ ನಿಂತಾಗ ಅನುಮಾನ ಬಂತು, ಏಕೆಂದರೆ ಸರಳ ತಂತಿಯ ಡೈಪೋಲ್ ತನ್ನ ಆವೃತ್ತಿಯಿಂದ ಅಷ್ಟು ದೂರದಲ್ಲಿ ಹಾಗೆ ವರ್ತಿಸುವುದಿಲ್ಲ. ಆಂಟೆನಾದಿಂದ ಹಿಂದಿರುಗುವ ಶಕ್ತಿಯನ್ನು ಕೇಬಲ್ಲೇ ನುಂಗಿಬಿಟ್ಟರೆ ಮೀಟರಿಗೆ ಕಾಣುವುದು ಕಡಿಮೆ ಪ್ರತಿಫಲನ ಮಾತ್ರ. ಹೋಗುವಾಗಲೂ ಬರುವಾಗಲೂ ನಷ್ಟವಾಗುವುದರಿಂದ ಕೇಬಲ್ ಕೆಟ್ಟಷ್ಟೂ ಎಸ್‌ಡಬ್ಲ್ಯುಆರ್ ಸುಧಾರಿಸಿದಂತೆ ತೋರುತ್ತದೆ. ಕಿವಿಯಿಂದ ಇದನ್ನು ಗುರುತಿಸುವುದು ಕಷ್ಟ, ಏಕೆಂದರೆ ಅಯಾನುಗೋಳದ ದಿನನಿತ್ಯದ ಏರಿಳಿತದಲ್ಲಿ ನಾಲ್ಕೈದು ಡೆಸಿಬೆಲ್ ಮುಚ್ಚಿಹೋಗುತ್ತದೆ.

ಹೀಗಾಗಿ ಆಂಟೆನಾವನ್ನು ಇಳಿಸಿ, ಕೇಬಲ್ಲಿನ ಆ ತುದಿಯನ್ನು ಬಿಚ್ಚಿಟ್ಟು, ರಿಗ್ ಕಡೆಯಿಂದ ಅಳೆದೆ. ತುದಿ ತೆರೆದಿರುವಾಗ ಶಕ್ತಿಯೆಲ್ಲ ಹಿಂದಕ್ಕೆ ಬರಬೇಕು. ಬಾರದೆ ಉಳಿದದ್ದು ಕೇಬಲ್ಲಿನಲ್ಲಿ ಹೋಗಿಬರುವಾಗ ಆದ ನಷ್ಟ, ಅದರ ಅರ್ಧವೇ ಒಂದು ದಿಕ್ಕಿನ ನಷ್ಟ. ಒಳ್ಳೆಯ ಆರ್‌ಜಿ-58ರಲ್ಲಿ ಈ ಉದ್ದಕ್ಕೆ 7 ಮೆಗಾಹರ್ಟ್ಸ್‌ನಲ್ಲಿ ಸುಮಾರು 1 ಡೆಸಿಬೆಲ್ ಹೋಗುತ್ತದೆ, ಆಗ ತೆರೆದ ತುದಿಯ ಎಸ್‌ಡಬ್ಲ್ಯುಆರ್ 7ಕ್ಕಿಂತ ಮೇಲಿರಬೇಕು. ನನಗೆ ಸಿಕ್ಕಿದ್ದು 1.9, ಅಂದರೆ ರಿಟರ್ನ್ ಲಾಸ್ (ಹೋಗಿಬರುವಾಗಿನ ಒಟ್ಟು ನಷ್ಟ) 10 ಡೆಸಿಬೆಲ್, ಒಂದು ದಿಕ್ಕಿಗೆ 5. ತುದಿಯನ್ನು ಶಾರ್ಟ್ ಮಾಡಿ ಅಳೆದಾಗಲೂ ಹೆಚ್ಚು ವ್ಯತ್ಯಾಸ ಬರಲಿಲ್ಲ. ರಿಗ್‌ನಿಂದ ಹೊರಟ ಶಕ್ತಿಯಲ್ಲಿ ಮೂರನೆಯ ಒಂದು ಭಾಗವೂ ಆಂಟೆನಾ ತಲುಪುತ್ತಿರಲಿಲ್ಲ.

ಮಲ್ಟಿಮೀಟರ್ ಕೂಡ ಸುಳಿವು ಕೊಟ್ಟಿತು. ತುದಿ ಶಾರ್ಟ್ ಆಗಿರುವಾಗ ಈ ಕೇಬಲ್ಲಿನಲ್ಲಿ ಒಂದೂವರೆ ಓಮ್ ಆಸುಪಾಸು ಇರಬೇಕಾದಲ್ಲಿ ನಾಲ್ಕು ಓಮ್ ತೋರಿಸಿ, ಕೇಬಲ್ ಅಲುಗಿಸಿದರೆ ಅಂಕಿ ಕುಣಿಯುತ್ತಿತ್ತು. ತುದಿ ತೆರೆದಾಗ ಕೆಲವು ನೂರು ಕಿಲೋಓಮ್ ತೋರಿಸಿತು. ಒಣಗಿದ ಕೇಬಲ್ಲಿನಲ್ಲಿ ಅದು ಅನಂತವಾಗಿರಬೇಕು. ಇಷ್ಟಾದರೂ ಡಿಸಿ ಪರೀಕ್ಷೆಯನ್ನು ಪೂರ್ತಿ ನಂಬುವಂತಿಲ್ಲ: ಓಮ್ ಮೀಟರಿನಲ್ಲಿ ತೇರ್ಗಡೆಯಾದ ಎಷ್ಟೋ ಜಾಯಿಂಟುಗಳು ರೇಡಿಯೊ ಆವೃತ್ತಿಯಲ್ಲಿ ಸೋಲುತ್ತವೆ.

ದೋಷ ಎಲ್ಲಿದೆ ಎಂದು ತಿಳಿಯಲು ನ್ಯಾನೊವಿಎನ್‌ಎ ಎಂಬ ಪುಟ್ಟ ಅಳತೆ ಉಪಕರಣದ ಟಿಡಿಆರ್ ಬಳಸಿದೆ; ಕೇಬಲ್ಲಿನಲ್ಲಿ ಎಷ್ಟು ದೂರದಿಂದ ಪ್ರತಿಫಲನ ಬರುತ್ತಿದೆ ಎಂದು ಅದು ತೋರಿಸುತ್ತದೆ. ವೇಗಾಂಕವನ್ನು (ಬೆಳಕಿನ ವೇಗಕ್ಕೆ ಹೋಲಿಸಿದರೆ ಕೇಬಲ್ಲಿನಲ್ಲಿ ಸಂಕೇತ ಸಾಗುವ ವೇಗ) ಪಾಲಿಎಥಿಲೀನ್ ಕೇಬಲ್ಲಿನ 0.66ಕ್ಕೆ ಹೊಂದಿಸಿ, 101 ಬಿಂದುಗಳಲ್ಲಿ 250 ಮೆಗಾಹರ್ಟ್ಸ್‌ವರೆಗೆ ಸ್ವೀಪ್ ಮಾಡಿದರೆ ಸುಮಾರು 40 ಮೀಟರ್ ದೂರ ಕಾಣುತ್ತದೆ. ಇನ್ನೂ ಮೇಲಿನ ಆವೃತ್ತಿಗೆ ಹೋದರೆ ವಿವರ ಹೆಚ್ಚುತ್ತದೆ, ಆದರೆ ದೂರ ಕುಗ್ಗುತ್ತದೆ. 2 ಮೀಟರಿನ ಬಳಿ ಬ್ಯಾರೆಲ್ಲಿನ ಸಣ್ಣ ಉಬ್ಬು ಕಾಣಿಸಿತು. ಪಿಎಲ್-259ರ ಇಂಪೀಡೆನ್ಸ್ (ರೇಡಿಯೊ ಆವೃತ್ತಿಯ ವಿದ್ಯುತ್ತಿಗೆ ಒಡ್ಡುವ ತಡೆ) ಕೇಬಲ್ಲಿನಂತೆ ಸರಿಯಾಗಿ 50 ಓಮ್ ಇರುವುದಿಲ್ಲವಾದ್ದರಿಂದ ಅದು ಸಹಜ. 19 ಮೀಟರಿನ ಬಳಿ ಕಂಡದ್ದು ಮಾತ್ರ ಉಬ್ಬಲ್ಲ, ಗುಡ್ಡ.

ಅಲ್ಲಿಗೆ ಹೋಗಿ ನೋಡಿದರೆ, ಮೇಲಿಂದ ಬಿದ್ದ ಅಡಿಕೆ ಸೋಗೆ ಟೇಪಿನ ಹೊದಿಕೆಯನ್ನು ಹರಿದಿತ್ತು. ಒಳಗಿನ ತಾಮ್ರದ ಜಾಲರಿ ಹಸಿರು ಕಿಲುಬು ಹಿಡಿದಿತ್ತು. ಇಲ್ಲಿ ಜಾಯಿಂಟನ್ನಷ್ಟೇ ಬದಲಾಯಿಸಿದರೆ ಸಾಲದು, ಏಕೆಂದರೆ ನೀರು ಜಾಲರಿಯ ಎಳೆಗಳ ನಡುವೆ ದೀಪದ ಬತ್ತಿಯಲ್ಲಿ ಎಣ್ಣೆ ಏರುವಂತೆ ಸಾಗುತ್ತದೆ. ಮೇಲ್ಭಾಗದಲ್ಲಿ ಒಂದು ಗೇಣು ಕತ್ತರಿಸುವಷ್ಟರಲ್ಲಿ ಹೊಳೆಯುವ ತಾಮ್ರ ಸಿಕ್ಕಿತು. ಮನೆಯ ಕಡೆ ಇಳಿಯುವ ಭಾಗದಲ್ಲಿ ಮೀಟರುಗಟ್ಟಲೆ ಕತ್ತರಿಸಿದರೂ ಜಾಲರಿ ಕಪ್ಪಾಗಿಯೇ ಇತ್ತು. ಆದ್ದರಿಂದ ಮಾಡಿನವರೆಗಿನ ಆ ತುಂಡನ್ನೇ ತೆಗೆದು ಹೊಸದನ್ನು ಹಾಕಿದೆ.

ಹೊಸ ಜಾಯಿಂಟಿನಲ್ಲಿ ಒಳತಂತಿಗಳನ್ನು ಒಂದರ ಪಕ್ಕ ಒಂದಿಟ್ಟು ಬೆಸುಗೆ ಹಾಕಿ, ಹಳೆಯ ಕೇಬಲ್ಲಿನಿಂದ ಬಿಡಿಸಿದ ಪಾಲಿಎಥಿಲೀನ್ ಕೊಳವೆಯನ್ನು ಸೀಳಿ ಅದರ ಮೇಲೆ ಕೂರಿಸಿದೆ, ಜಾಲರಿಯನ್ನು ಸುತ್ತಲೂ ಹರಡಿ ಬೆಸೆದೆ. ಕಾವಿಗೆ ಪಾಲಿಎಥಿಲೀನ್ ಬೇಗ ಮೆತ್ತಗಾಗಿ ಒಳತಂತಿ ಪಕ್ಕಕ್ಕೆ ಸರಿಯುವುದರಿಂದ, ಕಾವನ್ನು ಹೆಚ್ಚು ಹೊತ್ತು ಹಿಡಿಯದೆ ದೊಡ್ಡ ತುದಿಯ ಬೆಸುಗೆ ಕಡ್ಡಿಯಿಂದ ಬೇಗ ಮುಗಿಸಬೇಕು. ಮೇಲಿನ ರಕ್ಷಣೆಗೆ ತಾನೇ ಬೆಸೆದುಕೊಳ್ಳುವ ರಬ್ಬರ್ ಟೇಪನ್ನು ಚೆನ್ನಾಗಿ ಎಳೆದು ಕೆಳಗಿನಿಂದ ಮೇಲಕ್ಕೆ ಸುತ್ತಿ, ಬಿಸಿಲು ತಡೆಯಲು ಪಿವಿಸಿ ಟೇಪನ್ನು ಅದರ ಮೇಲೆ ಹಾಕಿದೆ. ವಿನೆಗರ್ ವಾಸನೆಯ ಸಿಲಿಕೋನ್ ತಾಮ್ರವನ್ನು ತಿನ್ನುವುದರಿಂದ ಅದನ್ನು ಹತ್ತಿರಕ್ಕೂ ತರುವುದಿಲ್ಲ.

ದುರಸ್ತಿಯಾದ ಮೇಲೆ ತೆರೆದ ತುದಿಯ ಎಸ್‌ಡಬ್ಲ್ಯುಆರ್ 7 ದಾಟಿತು. ಆಂಟೆನಾ ಸೇರಿಸಿ ನೋಡಿದಾಗ ಬ್ಯಾಂಡಿನ ತುದಿಗಳಲ್ಲಿ ಅಂಕಿ ಮಳೆಗಾಲದ ನಂತರ ಕಂಡದ್ದಕ್ಕಿಂತ ಹೆಚ್ಚಾಗಿತ್ತು, ನನಗೆ ಬೇಕಾಗಿದ್ದದ್ದೂ ಅದೇ.

ಕೈಗೆ ಸಿಕ್ಕ ಟಿವಿ ಕೇಬಲ್ ಸೇರಿಸಿ ಉದ್ದ ಹೆಚ್ಚಿಸುವವರಿಗೆ ಒಂದು ಮಾತು ಹೇಳಬೇಕು. ಆರ್‌ಜಿ-6ರ ಇಂಪೀಡೆನ್ಸ್ 75 ಓಮ್. ಫೋಮ್ ತುಂಬಿದ ಆ ಕೇಬಲ್ಲಿನ 9 ಮೀಟರಿಗೆ ಸಮೀಪದ ತುಂಡು 7.1 ಮೆಗಾಹರ್ಟ್ಸ್‌ನಲ್ಲಿ ಕಾಲು ತರಂಗಾಂತರವಾಗುವುದರಿಂದ 50 ಓಮ್ ಅಲ್ಲಿ 112 ಓಮ್ ಆಗಿ ಕಾಣುತ್ತದೆ, ಎಸ್‌ಡಬ್ಲ್ಯುಆರ್ 2.25ಕ್ಕೆ ಏರುತ್ತದೆ. ಜಾಯಿಂಟ್ ಎಷ್ಟು ಶುದ್ಧವಾಗಿದ್ದರೂ ಇದು ತಪ್ಪದು. ಇನ್ನು 144 ಮೆಗಾಹರ್ಟ್ಸ್‌ನ ಕೇಬಲ್ಲಿನಲ್ಲಿ ನಾನು ಬೆಸುಗೆಯ ಜಾಯಿಂಟ್ ಹಾಕುವುದೇ ಇಲ್ಲ. ಅಲ್ಲಿ ತರಂಗಾಂತರ ಕೇಬಲ್ಲಿನೊಳಗೆ 1.4 ಮೀಟರಿಗೂ ಕಡಿಮೆಯಿದ್ದು, ಕೆಲವೇ ಸೆಂಟಿಮೀಟರಿನ ಅಂಕುಡೊಂಕು ಕೂಡ ಲೆಕ್ಕಕ್ಕೆ ಬರುತ್ತದೆ; ಕೂಡಿಸಲೇಬೇಕಾದರೆ ಎನ್ ಕನೆಕ್ಟರ್ ಬಳಸುತ್ತೇನೆ.