ಆಕ್ಟೇವಿಯಾ ಆರ್‌ಎಸ್ ಕೂಲಂಟ್ ಸೋರಿಕೆ: ಕಲಬುರಗಿ ಬಿಸಿಲಿಗೂ ಗಡಸು ನೀರಿಗೂ ತಕ್ಕಂತೆ ಮಾಡಿಕೊಂಡ ಕೆಲಸ

ಟ್ಯಾಂಕಿನಲ್ಲಿ ಕೂಲಂಟ್, ಅಂದರೆ ಎಂಜಿನ್ ತಂಪಿಡುವ ದ್ರವದ ಮಟ್ಟ ನಿಧಾನಕ್ಕೆ ಇಳಿಯುತ್ತಿರುತ್ತದೆ, ಗಾಡಿ ಕೆಳಗೆ ಮಾತ್ರ ಒಂದು ಹನಿಯೂ ಕಾಣುವುದಿಲ್ಲ. ಟರ್ಬೊ ಪೆಟ್ರೋಲಿನ 2.0 ಟಿಎಸ್‌ಐ ಎಂಜಿನ್ನಿನಲ್ಲಿ ಸೋರಿಕೆ ಶುರುವಾಗುವ ರೀತಿಯೇ ಇದು. ನನ್ನದು ಸ್ಕೋಡಾ ಆಕ್ಟೇವಿಯಾ ಆರ್‌ಎಸ್ 230, ಒಳಗಿರುವುದು ಇಎ888 ಮೂರನೇ ತಲೆಮಾರಿನ ಎಂಜಿನ್. ಇದರಲ್ಲಿ ವಾಟರ್ ಪಂಪ್, ಥರ್ಮೋಸ್ಟಾಟ್ ಎರಡೂ ಒಂದೇ ಪ್ಲಾಸ್ಟಿಕ್ ಹೌಸಿಂಗ್ (ಕವಚ) ಆಗಿ, ಎಂಜಿನ್ನಿಗೆ ಗಾಳಿ ಹಂಚುವ ಇಂಟೇಕ್ ಮ್ಯಾನಿಫೋಲ್ಡ್ ಅಡಿಯಲ್ಲಿ, ಗೇರ್‌ಬಾಕ್ಸ್ ಕಡೆಯ ತುದಿಯಲ್ಲಿ ಕೂತಿವೆ. ಅಲ್ಲಿ ಜಿನುಗಿದ್ದು ಗೇರ್‌ಬಾಕ್ಸ್ ಮೇಲೆ ಬಿದ್ದು, ಬಿಸಿಗೆ ಆರಿ, ಗುಲಾಬಿ ಬಣ್ಣದ ಹೊಪ್ಪಳೆಯಾಗಿ ಅಂಟಿಕೊಳ್ಳುತ್ತದೆ. ಅಡಿಗೆ ಪ್ಲಾಸ್ಟಿಕ್ ತಟ್ಟೆ ಬೇರೆ ಇರುವುದರಿಂದ ನೆಲಕ್ಕೆ ಹನಿ ಬೀಳುವ ಹೊತ್ತಿಗೆ ಸೋರಿಕೆ ಹಳೆಯದಾಗಿರುತ್ತದೆ. ಬಾನೆಟ್ ಎತ್ತಿದಾಗ ಸಿಹಿ ವಾಸನೆ ಬಂದರೆ ಟಾರ್ಚ್ ಹಿಡಿದು ಮೊದಲು ಅಲ್ಲೇ ನೋಡಬೇಕು.

ಆದರೆ ಹೊಪ್ಪಳೆ ಕಂಡ ಕೂಡಲೇ ಪಂಪ್ ಆರ್ಡರ್ ಮಾಡಬೇಡಿ. ಮೇಲಿನ ಹೋಸ್ ಜಾಯಿಂಟ್‌ನಿಂದ ಜಾರಿದ ಕೂಲಂಟ್ ಕೂಡ ಅಲ್ಲಿಗೇ ಬಂದು ಸೇರುತ್ತದೆ. ಪ್ರೆಶರ್ ಟೆಸ್ಟ್ ಮಾಡದೆ ಪಾರ್ಟ್ ತರಿಸುವುದು ದುಡ್ಡು ಕಳೆಯುವ ದಾರಿ. ಎಂಜಿನ್ ಪೂರ್ತಿ ತಣ್ಣಗಿರುವಾಗ, ಅಂದರೆ ರಾತ್ರಿಯಿಡೀ ನಿಂತ ಗಾಡಿಯಲ್ಲಿ, ಟ್ಯಾಂಕಿನ ಮುಚ್ಚಳದ ಜಾಗಕ್ಕೆ ಹ್ಯಾಂಡ್ ಪಂಪ್ ಕೂರಿಸಿ 1.2 ಬಾರ್‌ವರೆಗೆ ಒತ್ತಡ ಏರಿಸಿ ಅರ್ಧ ಗಂಟೆ ಬಿಡುತ್ತೇನೆ. ತಣ್ಣಗಿರಬೇಕು ಅನ್ನುವುದಕ್ಕೆ ಕಾರಣವಿದೆ: ಬಿಸಿಗೆ ಪ್ಲಾಸ್ಟಿಕ್ ಹಿಗ್ಗಿ ಸಣ್ಣ ಸಂದುಗಳು ಮುಚ್ಚಿಕೊಳ್ಳುತ್ತವೆ, ಜಿನುಗಿದ್ದೂ ಕಣ್ಣಿಗೆ ಬೀಳುವ ಮುಂಚೆ ಆರಿಹೋಗುತ್ತದೆ. ಪಂಪಿನ ಗೇಜಿನ ಮುಳ್ಳು ಇಳಿದರೆ ಟಿಶ್ಯೂ ಕಾಗದವನ್ನು ಉದ್ದಕ್ಕೆ ಸುರುಳಿ ಸುತ್ತಿ ಒಂದೊಂದೇ ಜಾಯಿಂಟ್ ಅಡಿಗೆ ತೂರಿಸಿ ಎಳೆಯಿರಿ. ಯಾವುದರ ತುದಿ ಗುಲಾಬಿಯಾಗುತ್ತದೋ ಅದೇ ಜಾಗ. ಪಂಪ್ ಹೌಸಿಂಗ್ ಬಿಟ್ಟರೆ ಸೋರುವ ಜಾಗಗಳು ರೇಡಿಯೇಟರಿನ ಪ್ಲಾಸ್ಟಿಕ್ ಟ್ಯಾಂಕ್ ಅಲ್ಯೂಮಿನಿಯಂಗೆ ಮಡಚಿ ಕೂಡಿದ ಅಂಚು, ತಂತಿ ಕ್ಲಿಪ್ ಇರುವ ಹೋಸ್ ಕನೆಕ್ಟರುಗಳ ಓ-ರಿಂಗ್, ಟರ್ಬೊಗೆ ಹೋಗುವ ಸಣ್ಣ ಪೈಪುಗಳು.

ಮುಚ್ಚಳವನ್ನೂ ಪರೀಕ್ಷಿಸಬೇಕು. ಅದು 1.4ರಿಂದ 1.6 ಬಾರ್‌ನಲ್ಲಿ ತೆರೆಯಬೇಕಾದದ್ದು. ಸ್ಪ್ರಿಂಗ್ ಸೋತು ಮೊದಲೇ ತೆರೆದರೆ ಸೋರಿಕೆ ಇಲ್ಲದೆಯೂ ಕೂಲಂಟ್ ಕಡಿಮೆಯಾಗುತ್ತದೆ, ಕುದಿಯುವ ಬಿಂದುವೂ ಕೆಳಗಿಳಿಯುತ್ತದೆ. ಹೊರಗೆ ಎಲ್ಲೂ ಒದ್ದೆ ಇಲ್ಲ, ಮಟ್ಟ ಮಾತ್ರ ಇಳಿಯುತ್ತಿದೆ ಅಂದರೆ ಹೆಡ್ ಗ್ಯಾಸ್ಕೆಟ್ (ಎಂಜಿನ್ ಬ್ಲಾಕಿಗೂ ಮೇಲಿನ ಹೆಡ್ಡಿಗೂ ನಡುವಿನ ಸೀಲ್) ಮೇಲೆ ಅನುಮಾನ. ಟ್ಯಾಂಕಿನ ಬಾಯಿಗೆ ನೀಲಿ ದ್ರವದ ಗ್ಯಾಸ್ ಟೆಸ್ಟರ್ ಹಿಡಿದಾಗ ಅದು ಹಳದಿಗೆ ತಿರುಗಿದರೆ ಸಿಲಿಂಡರಿನ ಹೊಗೆ ಕೂಲಂಟಿಗೆ ಸೇರುತ್ತಿದೆ ಎಂದೇ ಅರ್ಥ.

ನನ್ನ ಗಾಡಿಯಲ್ಲಿ ಒದ್ದೆ ಬಂದದ್ದು ಹೌಸಿಂಗ್ ಮತ್ತು ಎಂಜಿನ್ ನಡುವಿನ ಸೀಲ್‌ನಿಂದ. ಬಿಸಿ–ತಂಪಿನ ಏರಿಳಿತಕ್ಕೆ ವರ್ಷಗಟ್ಟಲೆ ಸಿಕ್ಕ ಪ್ಲಾಸ್ಟಿಕ್ ಸ್ವಲ್ಪ ಸೊಟ್ಟಗಾಗುತ್ತದೆ, ರಬ್ಬರ್ ಚಪ್ಪಟೆಯಾಗಿ ಗಟ್ಟಿಯಾಗುತ್ತದೆ. ಸೀಲ್ ಒಂದನ್ನೇ ಬದಲಿಸಿದರೆ ಸೊಟ್ಟಗಿರುವ ಮುಖಕ್ಕೆ ಅದು ಮತ್ತೆ ಸರಿಯಾಗಿ ಕೂರುವುದಿಲ್ಲ. ಹಾಗಾಗಿ ಹೌಸಿಂಗ್ ಪೂರ್ತಿ ಹೊಸದು, ಪಂಪಿನ ಹಲ್ಲಿನ ಬೆಲ್ಟ್ ಹೊಸದು, ಆಯಿಲ್ ಕೂಲರ್ ಕಡೆ ಹೋಗುವ ಕನೆಕ್ಷನ್ನಿನ ಓ-ರಿಂಗ್‌ಗಳೂ ಹೊಸವು. ಎಂಜಿನ್ನಿನ ಅದುರು ತಗ್ಗಿಸುವ ಬ್ಯಾಲೆನ್ಸ್ ಶಾಫ್ಟ್‌ನಿಂದ ಪಂಪ್ ಓಡಿಸುವುದು ಆ ಸಣ್ಣ ಬೆಲ್ಟೇ. ಕೂಲಂಟ್ ಕುಡಿದ ಬೆಲ್ಟ್ ಹೆಚ್ಚು ದಿನ ಬಾಳುವುದಿಲ್ಲ, ಅದು ಹರಿದರೆ ಪಂಪ್ ಹೊಸದಿದ್ದೂ ಎಂಜಿನ್ ಕಾಯುತ್ತದೆ. ಪಾರ್ಟುಗಳನ್ನು ಹೈದರಾಬಾದಿನಿಂದ ತರಿಸಿದೆ. ಚಾಸಿಸ್ ನಂಬರ್ ಕೊಟ್ಟೇ ತರಿಸಿ. ನೋಡಲು ಒಂದೇ ಥರ ಇರುವ ಹೌಸಿಂಗ್‌ಗಳಲ್ಲೂ ನಂಬರ್ ಬೇರೆ ಬೇರೆ ಇರುತ್ತದೆ.

ಬಿಚ್ಚುವಾಗ ಇಂಟೇಕ್ ಮ್ಯಾನಿಫೋಲ್ಡಿಗೆ ಕೈ ಹಚ್ಚಬೇಕಿಲ್ಲ. ಬ್ಯಾಟರಿ ನೆಗೆಟಿವ್ ತೆಗೆದು, ಏರ್ ಬಾಕ್ಸ್, ಟರ್ಬೊದಿಂದ ಬರುವ ಗಾಳಿ ಪೈಪ್, ಥ್ರಾಟಲ್ ಬಾಡಿ ಹೊರಗೆ ತಂದರೆ ಕೈ ಆಡಿಸುವಷ್ಟು ಜಾಗ ಸಿಗುತ್ತದೆ. ಇಂಟೇಕ್ ಬಾಯಿಗೆ ಶುಭ್ರ ಬಟ್ಟೆ ತುರುಕಿಡುವುದು ಕಡ್ಡಾಯ, ಒಂದು ವಾಷರ್ ಒಳಗೆ ಬಿದ್ದರೂ ಎಂಜಿನ್ ಬಿಚ್ಚಬೇಕಾದೀತು. ಗಾಡಿಯನ್ನು ಸ್ಟ್ಯಾಂಡ್ ಮೇಲೆ ನಿಲ್ಲಿಸಿ, ಅಡಿಯ ತಟ್ಟೆ ತೆಗೆದು, ರೇಡಿಯೇಟರಿನ ಕೆಳ ಹೋಸ್ ಬಿಚ್ಚಿ ಅಗಲ ಟಬ್ಬಿಗೆ ಕೂಲಂಟ್ ಇಳಿಸಿ. ಎಂಜಿನ್ ಬ್ಲಾಕಿನಲ್ಲಿ ಒಂದಿಷ್ಟು ಉಳಿದೇ ಇರುತ್ತದೆ, ಹೌಸಿಂಗ್ ಹೊರಬರುವಾಗ ಅದೂ ಸುರಿಯುತ್ತದೆ. ಕೆಳಗಿರುವ ವಯರಿಂಗ್ ಮೇಲೆ ಪ್ಲಾಸ್ಟಿಕ್ ಹಾಳೆ ಹೊದಿಸಿರಿ.

ಬೆಲ್ಟಿನ ಕವರ್ ತೆಗೆದು, ಹೌಸಿಂಗ್ ಬೋಲ್ಟುಗಳನ್ನು ಸಡಿಲಿಸಿ, ವಯರ್ ಕನೆಕ್ಟರ್ ಕಿತ್ತು ಹೊರಗೆಳೆದ ಮೇಲೆ ಅಲ್ಯೂಮಿನಿಯಂ ಮುಖವನ್ನು ಪ್ಲಾಸ್ಟಿಕ್ ಸ್ಕ್ರೇಪರ್ ಮತ್ತು ಬಟ್ಟೆಯಿಂದಷ್ಟೇ ಒರೆಸಬೇಕು. ಉಕ್ಕಿನ ಬ್ಲೇಡ್ ಗೀರು ಬಿಡುತ್ತದೆ, ಮುಂದಿನ ಸೋರಿಕೆ ಆ ಗೀರಿನಿಂದಲೇ ಬರುತ್ತದೆ. ಸೀಲ್‌ಗೆ ಸಿಲಿಕಾನ್ ಪೇಸ್ಟ್ ಹಚ್ಚಬೇಡಿ. ಹಿಂಡಿ ಒಳಗೆ ಹೋದ ಪೇಸ್ಟ್ ತುಣುಕಾಗಿ ಕಿತ್ತುಬಂದು ಸಣ್ಣ ದಾರಿಗಳಲ್ಲಿ ಸಿಕ್ಕಿಕೊಳ್ಳುತ್ತದೆ. ಓ-ರಿಂಗ್‌ಗಳಿಗೆ ಗ್ರೀಸ್ ಬೇಡ, ಕೂಲಂಟನ್ನೇ ಸವರಿ ಕೂರಿಸಿದರೆ ಸಾಕು. ಬೋಲ್ಟುಗಳನ್ನು ಮೊದಲು ಕೈಯಲ್ಲೇ ಕೂರಿಸಿ, ಆಮೇಲೆ ವರ್ಕ್‌ಶಾಪ್ ಮ್ಯಾನ್ಯುಯಲ್ಲಿನ ಕ್ರಮದಲ್ಲಿ 9 ನ್ಯೂಟನ್ ಮೀಟರ್‌ಗೆ ಬಿಗಿ ಮಾಡಬೇಕು. 9 ಅಂದರೆ ತೀರ ಕಡಿಮೆ ಬಲ. ಕೈ ಅಂದಾಜಿನಲ್ಲಿ ಬಿಗಿ ಮಾಡುವ ಮಿಸ್ತ್ರಿ ಎಷ್ಟೇ ಪಳಗಿದವರಾಗಿರಲಿ, ಬೋಲ್ಟ್ ಕೂರುವ ಪ್ಲಾಸ್ಟಿಕ್ ಕಿವಿ ಒಡೆಯುವುದು ಇಲ್ಲೇ. ಸಣ್ಣ ಟಾರ್ಕ್ ರೆಂಚ್ ಇಲ್ಲದೆ ಈ ಕೆಲಸಕ್ಕೆ ಇಳಿಯಲೇಬಾರದು.

ಇನ್ನು ನೀರಿನ ವಿಷಯ. ನಮ್ಮ ಕಡೆ ಎಲ್ಲಕ್ಕಿಂತ ಹೆಚ್ಚು ಕೆಡುವುದು ಇದರಿಂದಲೇ. ಶಹಾಬಾದ್, ಚಿತ್ತಾಪುರ, ಸೇಡಂ ಕಡೆಯದು ಸುಣ್ಣಕಲ್ಲಿನ ನೆಲ, ನಗರದ ಬೋರ್ ನೀರೂ ಗಡಸು. ಗೀಸರಿನ ಕಾಯಿಲ್ ಬಿಚ್ಚಿ ನೋಡಿದವರಿಗೆ ಆ ಬಿಳಿ ಪದರ ಗೊತ್ತು. ಅದೇ ನೀರು ಕೂಲಂಟಿಗೆ ಸೇರಿದರೆ ಅದರಲ್ಲಿನ ಕ್ಯಾಲ್ಸಿಯಂ, ಮೆಗ್ನೀಷಿಯಂ ಕೂಲಂಟಿನ ಸಿಲಿಕೇಟಿನೊಂದಿಗೆ ಸೇರಿ ಗಸಿಯಾಗಿ ಕೂರುತ್ತವೆ. ಅಲ್ಯೂಮಿನಿಯಂ ಅನ್ನು ರಕ್ಷಿಸಬೇಕಾದ ರಾಸಾಯನಿಕ ಅಲ್ಲಿಗೇ ಖರ್ಚಾಗುತ್ತದೆ. ನೀರಿನ ಕ್ಲೋರೈಡ್ ಅಲ್ಯೂಮಿನಿಯಂ ಅನ್ನು ತೂತು ತೂತಾಗಿ ತಿನ್ನುತ್ತದೆ. ಕುಡಿಯುವ ಆರ್‌ಒ ನೀರೂ ಇದಕ್ಕೆ ಆಗುವುದಿಲ್ಲ. ಬ್ಯಾಟರಿಗೆ ಹಾಕುವ ಡಿಮಿನರಲೈಸ್ಡ್ ನೀರೇ ಬೇಕು. ಕ್ಯಾನ್ ಮೇಲಿನ ಬರಹ ನಂಬದೆ, ನೀರಿನಲ್ಲಿ ಕರಗಿದ ಲವಣ ಅಳೆಯುವ ಟಿಡಿಎಸ್ ಮೀಟರ್ ಅದ್ದಿ ನೋಡುತ್ತೇನೆ, ಅಂಕಿ ಹತ್ತರೊಳಗೆ ಇದ್ದರಷ್ಟೇ ಬಳಸುತ್ತೇನೆ.

ಕೂಲಂಟ್ ಜಿ12 ಇವೊ ಕಾನ್ಸಂಟ್ರೇಟ್. ಅದು 5 ಲೀಟರ್, ನೀರು 5 ಲೀಟರ್ ಬೆರೆಸಿಟ್ಟುಕೊಂಡರೆ ತುಂಬಲೂ ಸಾಕು, ಆಮೇಲೆ ಟಾಪ್‌ಅಪ್‌ಗೂ ಉಳಿಯುತ್ತದೆ. ನಮ್ಮಲ್ಲಿ ಹಿಮವೇ ಬೀಳುವುದಿಲ್ಲ, ಅರ್ಧ ಪಾಲು ಕೂಲಂಟ್ ಯಾಕೆ ಎಂದು ಕೇಳುವವರಿದ್ದಾರೆ. ಬೇಕಾದದ್ದು ತುಕ್ಕು ತಡೆಯುವ ಗುಣ ಮತ್ತು ಏರಿದ ಕುದಿಬಿಂದು. ಶೇ. 40ಕ್ಕಿಂತ ಕೆಳಗೆ ಹೋದರೆ ಎರಡೂ ಸಾಲವು. ಹಾಗೆಂದು ಕಾನ್ಸಂಟ್ರೇಟ್ ಹೆಚ್ಚು ಸುರಿದರೂ ನಷ್ಟವೇ, ಶಾಖ ಹೊರುವುದರಲ್ಲಿ ನೀರೇ ಮುಂದು. ಮಿಶ್ರಣದ ಹನಿ ಹಾಕಿ ನೋಡುವ ರಿಫ್ರ್ಯಾಕ್ಟೋಮೀಟರಿನಲ್ಲಿ ಹೆಪ್ಪುಗಟ್ಟುವ ಬಿಂದು ಮೈನಸ್ 36 ಡಿಗ್ರಿ ಆಸುಪಾಸು ತೋರಿಸಿದರೆ ಮಿಶ್ರಣ ಸರಿಯಾಗಿದೆ. ಬೇರೆ ಬಣ್ಣದ ಅಗ್ಗದ ಕೂಲಂಟ್ ಬೆರೆಸಬೇಡಿ, ಲೀಕ್ ನಿಲ್ಲಿಸುವ ಪುಡಿಯನ್ನಂತೂ ಹತ್ತಿರಕ್ಕೇ ತರಬೇಡಿ. ತೂತಿಗಿಂತ ಮೊದಲು ಅದು ಹೀಟರ್ ಕೋರನ್ನು, ಅಂದರೆ ಗಾಡಿಯೊಳಗೆ ಬಿಸಿ ಗಾಳಿ ಕೊಡುವ ಸಣ್ಣ ರೇಡಿಯೇಟರನ್ನು, ಮುಚ್ಚುತ್ತದೆ.

ಹೀಟರ್ ಕೋರ್ ಅಂದಾಗ ಎಕ್ಸ್‌ಪಾನ್ಷನ್ ಟ್ಯಾಂಕ್, ಅಂದರೆ ಕೂಲಂಟ್ ಮಟ್ಟ ನೋಡುವ ಆ ಟ್ಯಾಂಕಿನ ಮಾತೂ ಬರುತ್ತದೆ. ಈ ತಲೆಮಾರಿನ ಕೆಲವು ಟ್ಯಾಂಕುಗಳ ಒಳಗೆ ಸಿಲಿಕೇಟಿನ ಸಣ್ಣ ಚೀಲವಿರುತ್ತದೆ. ಅದು ಹರಿದರೆ ಕಾಳುಗಳು ಹರಿದುಹೋಗಿ ಹೀಟರ್ ಕೋರಿನಲ್ಲಿ ಕಟ್ಟುತ್ತವೆ. ಕಲಬುರಗಿಯಲ್ಲಿ ಹೀಟರ್ ಹಾಕುವವರೇ ಇಲ್ಲ, ಹಾಗಾಗಿ ಅದು ಕಟ್ಟಿದ್ದು ಗೊತ್ತೇ ಆಗುವುದಿಲ್ಲ. ಎಂಜಿನ್ ಬಿಸಿಯಾದಾಗ ಹೀಟರ್ ಫುಲ್ ಇಟ್ಟು ಡ್ರೈವರ್ ಕಡೆ, ಪಕ್ಕದ ಸೀಟಿನ ಕಡೆ ಗಾಳಿಗೆ ಕೈ ಹಿಡಿದು ನೋಡಿ. ಒಂದು ಕಡೆ ಬಿಸಿ, ಇನ್ನೊಂದು ಕಡೆ ತಣ್ಣಗೆ ಬಂದರೆ ಕೋರ್ ಕಟ್ಟಿರುವ ಸಾಧ್ಯತೆ ಹೆಚ್ಚು. ನಾನು ಕೂಲಂಟ್ ಇಳಿಸಿದ್ದಾಗಲೇ ಚೀಲವಿಲ್ಲದ ಹೊಸ ಟ್ಯಾಂಕ್, ಹೊಸ ಮುಚ್ಚಳ ಹಾಕಿದೆ.

ತುಂಬುವುದು ವ್ಯಾಕ್ಯೂಮ್ ಟೂಲ್‌ನಿಂದ. ಪಂಕ್ಚರ್ ಅಂಗಡಿಯ ಕಂಪ್ರೆಸರ್ ಇದಕ್ಕೆ ಧಾರಾಳ ಸಾಕು. ಒಳಗಿನ ಗಾಳಿ ಎಳೆದಾಗ ಹೋಸ್‌ಗಳು ಚಪ್ಪಟೆಯಾಗುತ್ತವೆ, ಗಾಬರಿ ಬೇಡ. 0.7–0.8 ಬಾರ್ ವ್ಯಾಕ್ಯೂಮ್ ಹತ್ತು ನಿಮಿಷ ಕದಲದೆ ನಿಂತರೆ ಜಾಯಿಂಟುಗಳೆಲ್ಲ ಗಟ್ಟಿ; ಆಮೇಲೆ ವಾಲ್ವ್ ತಿರುಗಿಸಿದರೆ ಕೂಲಂಟ್ ತಾನೇ ಒಳಗೆ ಹೋಗುತ್ತದೆ. ಬರೀ ಮೇಲಿನಿಂದ ಸುರಿದರೆ ಹೆಡ್ಡಿನಲ್ಲಿ ಗಾಳಿ ಸಿಕ್ಕಿಕೊಳ್ಳುವ ಅಪಾಯವಿದೆ. ಈ ಹೌಸಿಂಗ್‌ನಲ್ಲಿ ಮಾಮೂಲಿ ಮೇಣದ ಥರ್ಮೋಸ್ಟಾಟ್ ಬದಲು ಮೋಟಾರಿನಿಂದ ತಿರುಗುವ ವಾಲ್ವ್ ಕೂಲಂಟಿನ ದಾರಿ ಬದಲಿಸುತ್ತದೆ, ಆದ್ದರಿಂದ ಹೊಸದು ಹಾಕಿದ ಮೇಲೆ ಸ್ಕ್ಯಾನರಿನಲ್ಲಿ ಅದರ ಅಡಾಪ್ಟೇಶನ್ (ಹೊಸ ವಾಲ್ವನ್ನು ಗಾಡಿಯ ಕಂಪ್ಯೂಟರಿಗೆ ಹೊಂದಿಸುವುದು) ಮಾಡಿಸಲೇಬೇಕು.

ಗಾಡಿ ಬಿಚ್ಚಿದ್ದಾಗಲೇ ಮುಗಿಸಬೇಕಾದ ಇನ್ನೊಂದು ಕೆಲಸ ರೇಡಿಯೇಟರಿನ ಧೂಳು ತೆಗೆಯುವುದು. ತೊಗರಿ ರಾಶಿಯ ಕಾಲದಲ್ಲಿ ಹಾರುವ ಹೊಟ್ಟು, ಯಾದಗಿರಿ ಕಡೆಯ ಹತ್ತಿ, ಸಿಮೆಂಟ್ ಲಾರಿಗಳ ಪುಡಿ ಎಲ್ಲ ಎಸಿ ಕಂಡೆನ್ಸರ್ ಮತ್ತು ರೇಡಿಯೇಟರಿನ ನಡುವೆ ಕಂಬಳಿಯಂತೆ ಕೂರುತ್ತವೆ. ಮುಂದಿನಿಂದ ನೋಡಿದರೆ ಶುಭ್ರವಾಗಿಯೇ ಕಾಣುತ್ತದೆ. ಹಿಂದಿನಿಂದ ಮುಂದಕ್ಕೆ, ಸಾಧಾರಣ ಪೈಪಿನ ನೀರು ಬಿಡಿ. ಪ್ರೆಶರ್ ವಾಶರ್ ಫಿನ್ ಮಡಚಿಬಿಡುತ್ತದೆ.

ಗಾಡಿಯ ಉಳಿದ ಸರ್ವಿಸ್ ವಿಷಯಗಳು ಬೇಗ ಹೇಳುವಂಥವು. ಎಂಜಿನ್ ಆಯಿಲ್ ಫಿಲ್ಟರ್ ಸೇರಿ 5.7 ಲೀಟರ್, ಕಂಪನಿ 15,000 ಕಿ.ಮೀ. ಹೇಳಿದರೂ ಈ ಬಿಸಿಲಿನ ಟರ್ಬೊಗೆ ನಾನು 10,000ಕ್ಕೇ ಬದಲಿಸುತ್ತೇನೆ. ಆಟೊಮ್ಯಾಟಿಕ್ ಗೇರ್ ಬಾಕ್ಸ್ ಆದ ಆರು ಗೇರಿನ ವೆಟ್ ಡಿಎಸ್‌ಜಿ ಆಯಿಲ್, ಫಿಲ್ಟರ್ 60,000 ಕಿ.ಮೀ.ಗೆ, ಮಟ್ಟ ನೋಡುವಾಗ ಆಯಿಲ್ 35–45 ಡಿಗ್ರಿಯಲ್ಲಿರಬೇಕು, ಮೇ ತಿಂಗಳ ಮಧ್ಯಾಹ್ನ ಅದು ಆ ಮಿತಿ ದಾಟಿಬಿಡುತ್ತದೆ, ಬೆಳಿಗ್ಗೆಯೇ ಮಾಡಿ. ಬ್ರೇಕ್ ಆಯಿಲ್ ಎರಡು ವರ್ಷಕ್ಕೊಮ್ಮೆ.

ಕೆಲಸ ಮುಗಿದ ಮೇಲೆ ಡ್ಯಾಶ್‌ಬೋರ್ಡಿನ ಮುಳ್ಳನ್ನು ನೆಚ್ಚಬೇಡಿ. ಅಸಲು ಉಷ್ಣತೆ ಸಾಕಷ್ಟು ಏರಿಳಿದರೂ ಅದು 90ರಲ್ಲೇ ನಿಂತಿರುತ್ತದೆ. ಎಂಜಿನ್ನಿನ ಅಸಲು ಅಂಕಿ ತೋರಿಸುವ ಓಬಿಡಿ ರೀಡರ್ ಹಾಕಿ, ಎಸಿ ಫುಲ್ ಇಟ್ಟು, ಮಧ್ಯಾಹ್ನ ಕಲಬುರಗಿಯ ಸೂಪರ್ ಮಾರ್ಕೆಟ್ ಪ್ರದೇಶದ ಟ್ರಾಫಿಕ್ಕಿನಲ್ಲಿ ಒಂದು ಸುತ್ತು ಬನ್ನಿ. ಫ್ಯಾನ್ ಓಡಿದಂತೆ ಅಂಕಿ ಇಳಿಯಬೇಕು. ಮರುದಿನ ಬೆಳಿಗ್ಗೆ ತಣ್ಣಗಿರುವಾಗ ಮಟ್ಟಕ್ಕೆ ಮಾರ್ಕರಿನಿಂದ ಗೆರೆ ಎಳೆದು, ಒಂದು ತಿಂಗಳು ವಾರಕ್ಕೊಮ್ಮೆ ಅದೇ ಹೊತ್ತಿಗೆ ನೋಡಿ. ಇಳಿಸಿದ ಹಳೆಯ ಕೂಲಂಟನ್ನು ಟಬ್ಬಿನಲ್ಲಿ ಬಿಟ್ಟು ಒಳಗೆ ಹೋಗಬೇಡಿ, ಮೋರಿಗೂ ಸುರಿಯಬೇಡಿ. ಅದು ಸಿಹಿ, ನಾಯಿ ಬೆಕ್ಕು ನೆಕ್ಕಿದರೆ ಸಾಯುತ್ತವೆ. ಮುಚ್ಚಳವಿರುವ ಕ್ಯಾನಿಗೆ ತುಂಬಿ, ಮೇಲೆ ಹೆಸರು ಬರೆದು, ಹಳೆ ಆಯಿಲ್ ಸಂಗ್ರಹಿಸುವ ಗ್ಯಾರೇಜಿಗೆ ಕೇಳಿಕೊಂಡು ಕೊಡಿ.