ಸಭಾಕಂಪವನ್ನು ಹಿಡಿತಕ್ಕೆ ತರುವುದು ಹೇಗೆ?

ನವೆಂಬರ್ ಬಂತೆಂದರೆ ಬೆಂಗಳೂರಿನ ಬಡಾವಣೆ, ಅಪಾರ್ಟ್‌ಮೆಂಟ್, ಕಚೇರಿಗಳಲ್ಲೆಲ್ಲ ರಾಜ್ಯೋತ್ಸವದ ವೇದಿಕೆಗಳು ಏಳುತ್ತವೆ. ‘ನೀವೂ ಎರಡು ಮಾತಾಡಬೇಕು’ ಎಂಬ ಕರೆ ಬಂದೊಡನೆ, ಗೆಳೆಯರ ನಡುವೆ ಗಂಟೆಗಟ್ಟಲೆ ಹರಟುವವರ ಎದೆಯೂ ಡವಗುಟ್ಟತೊಡಗುತ್ತದೆ. ಇದೇ ಸಭಾಕಂಪ. ಅಪಾಯ ಎದುರಾದಾಗ ಸ್ರವಿಸುವ ಅಡ್ರಿನಲಿನ್ ಎಂಬ ಹಾರ್ಮೋನು ಸಭೆಯ ಮುಂದೆಯೂ ಸ್ರವಿಸುವುದರಿಂದ ಹೃದಯಬಡಿತ ಏರುತ್ತದೆ, ಬಾಯಿ ಒಣಗುತ್ತದೆ, ಕೈ ನಡುಗುತ್ತದೆ. ನುರಿತ ಭಾಷಣಕಾರರಲ್ಲಿಯೂ ಇದು ಪೂರ್ತಿ ಮಾಯವಾಗುವುದಿಲ್ಲ. ಆದ್ದರಿಂದ ಭಯ ಹೋಗಲೆಂದು ಕಾಯದೆ, ಭಯವಿದ್ದಾಗಲೂ ಮಾತು ನಡೆಯುವಂತೆ ಸಿದ್ಧರಾಗಬೇಕು.

ಮೊದಲಿಗೆ, ಹೇಳಬೇಕಾದ ಮುಖ್ಯ ವಿಷಯವನ್ನು ಒಂದೇ ವಾಕ್ಯದಲ್ಲಿ ಬರೆದುಕೊಳ್ಳಿ. ಅದಕ್ಕೆ ನಿಮ್ಮ ಅನುಭವದ ಎರಡು ಉದಾಹರಣೆಗಳು ಸಾಕು. ಇಡೀ ಭಾಷಣವನ್ನು ಬಾಯಿಪಾಠ ಮಾಡುವುದನ್ನು ನಾನು ಒಪ್ಪುವುದಿಲ್ಲ. ನಡುವೆ ಒಂದು ಪದ ಮರೆತರೂ ಮುಂದಿನದೆಲ್ಲ ಕೈತಪ್ಪಿಹೋಗುತ್ತದೆ. ಆರಂಭದ ಎರಡು ವಾಕ್ಯಗಳನ್ನು ಮತ್ತು ಕೊನೆಯ ಒಂದನ್ನು ಮಾತ್ರ ಬಾಯಿಗೆ ಬರುವಷ್ಟು ಕಲಿತು, ಉಳಿದದ್ದಕ್ಕೆ ದೊಡ್ಡ ಅಕ್ಷರಗಳ ಟಿಪ್ಪಣಿ ಇಟ್ಟುಕೊಳ್ಳಿ. ಟಿಪ್ಪಣಿಗೆ ತೆಳು ಹಾಳೆ ಬೇಡ. ಬೆರಳಿನ ಸಣ್ಣ ನಡುಕವೂ ಹಾಳೆಯ ತುದಿಯಲ್ಲಿ ಪಟಪಟನೆ ಬಡಿಯುತ್ತದೆ, ಅದನ್ನು ಕಂಡು ನಡುಕ ಇನ್ನಷ್ಟು ಹೆಚ್ಚುತ್ತದೆ. ಹಳೆಯ ಲಗ್ನಪತ್ರಿಕೆಯ ದಪ್ಪ ಕಾಗದದ ಖಾಲಿ ಬೆನ್ನು ಇದಕ್ಕೆ ಹೇಳಿ ಮಾಡಿಸಿದಂತಿರುತ್ತದೆ.

ಅಭ್ಯಾಸವನ್ನು ಎದ್ದು ನಿಂತು, ಗಟ್ಟಿ ದನಿಯಲ್ಲಿಯೇ ಮಾಡಬೇಕು. ಮನಸ್ಸಿನಲ್ಲಿ ಓದಿಕೊಂಡದ್ದು ನಾಲಿಗೆಗೆ ಅಭ್ಯಾಸವಾಗುವುದಿಲ್ಲ. ಮನೆಯ ತಾರಸಿಯಲ್ಲಿ ಒಬ್ಬರೇ ಮಾತನಾಡಿ ಮೊಬೈಲಿನಲ್ಲಿ ಧ್ವನಿಮುದ್ರಿಸಿ, ಮರುದಿನ ಮನೆಯ ಒಬ್ಬಿಬ್ಬರ ಮುಂದೆ ಮಾತನಾಡಿ. 5 ನಿಮಿಷ ಕೊಟ್ಟಿದ್ದರೆ 4 ನಿಮಿಷಕ್ಕೆ ಸಿದ್ಧರಾಗಿ.

ಕಾರ್ಯಕ್ರಮದ ದಿನ ಅರ್ಧ ಗಂಟೆ ಮುಂಚೆ ಹೋಗಿ, ಖಾಲಿ ವೇದಿಕೆಯಲ್ಲಿ ನಿಂತು ಮೈಕಿನ ಎತ್ತರ ಸರಿಪಡಿಸಿಕೊಳ್ಳಿ. ಸರದಿ ಬರುವ ಮೊದಲು ಮೂಗಿನಿಂದ ಉಸಿರೆಳೆದುಕೊಂಡು, ಅದಕ್ಕಿಂತ ನಿಧಾನವಾಗಿ ಹೊರಬಿಡಿ. ದೀರ್ಘವಾದ ನಿಶ್ವಾಸದಿಂದ ಹೃದಯಬಡಿತ ಇಳಿಯುತ್ತದೆ.

ನಮ್ಮ ಸಭೆಗಳ ಸಂಬೋಧನೆಯ ಪದ್ಧತಿ ಹೊಸಬರಿಗೆ ದೊಡ್ಡ ಆಸರೆ ಎಂಬುದು ನನ್ನ ನಂಬಿಕೆ. ‘ಅಧ್ಯಕ್ಷರೇ, ವೇದಿಕೆಯ ಮೇಲಿರುವ ಗಣ್ಯರೇ, ಆತ್ಮೀಯ ಸಭಿಕರೇ’ ಎಂದು ನಿಧಾನವಾಗಿ ಹೇಳುವಷ್ಟರಲ್ಲಿ ದನಿ ಹದಕ್ಕೆ ಬರುತ್ತದೆ, ನೋಟಕ್ಕೆ ಒಂದು ನೆಲೆ ಸಿಗುತ್ತದೆ. ಹೆಸರುಗಳನ್ನು ಹೇಳುವುದಾದರೆ ನೆನಪನ್ನು ನಂಬದೆ ಬರೆದಿಟ್ಟುಕೊಳ್ಳಿ. ಮಾತು ತಡವರಿಸಿದಾಗ ‘ಏನಪ್ಪಾ ಅಂದ್ರೆ’ ಎಂದು ತುಂಬುವ ಬದಲು ಎರಡು ಕ್ಷಣ ಸುಮ್ಮನಿರಿ. ನಿಮಗೆ ಯುಗದಂತೆ ತೋರುವ ಆ ಮೌನ ಕೇಳುಗರಿಗೆ ಸಹಜವಾಗಿಯೇ ಇರುತ್ತದೆ.

ನಿಯಮಿತ ಅಭ್ಯಾಸ ಬೇಕೆನ್ನುವವರಿಗೆ, 1924ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಆರಂಭವಾದ ಟೋಸ್ಟ್‌ಮಾಸ್ಟರ್ಸ್ ಸಂಸ್ಥೆಯ ಕ್ಲಬ್‌ಗಳು ಬೆಂಗಳೂರಿನಲ್ಲಿವೆ. ಅಲ್ಲಿ ಒಬ್ಬರು ಸಮಯ ನೋಡುತ್ತಾರೆ, ಮತ್ತೊಬ್ಬರು ‘ಆಂ’, ‘ಊಂ’ಗಳನ್ನು ಎಣಿಸುತ್ತಾರೆ. ಒಳ್ಳೆಯ ಕನ್ನಡದ ಮಾತನ್ನು ಕೇಳಿ ಕಲಿಯಲು, ಡಿ.ವಿ.ಜಿ. ಅವರು 1945ರಲ್ಲಿ ಸ್ಥಾಪಿಸಿದ ಗೋಖಲೆ ಸಾರ್ವಜನಿಕ ವಿಚಾರ ಸಂಸ್ಥೆಯ ಉಪನ್ಯಾಸಗಳಿಗೆ ಹೋಗಿ ಕುಳಿತುಕೊಳ್ಳಿ.

ಭಾಷಣ ಮುಗಿದ ರಾತ್ರಿಯೇ ಅದರ ಧ್ವನಿಮುದ್ರಣ ಕೇಳಬೇಡಿ. ಎರಡು ದಿನ ಬಿಟ್ಟು ಕೇಳಿ, ಮುಂದಿನ ಸಲ ತಿದ್ದಿಕೊಳ್ಳಬೇಕಾದ ಒಂದೇ ಒಂದು ಅಂಶವನ್ನು ಆ ಲಗ್ನಪತ್ರಿಕೆಯ ಬೆನ್ನ ಮೇಲೆಯೇ ಬರೆದಿಡಿ.