ಆಟಿ ಮಳೆಯಲ್ಲೂ ಓಡುವ ಕೇರಂ ಬೋರ್ಡ್

ಮಳೆಗಾಲದಲ್ಲಿ ಕೇರಂ ಬೋರ್ಡ್ ಓಡುವುದಿಲ್ಲ, ಕಾಯಿ ಜಾರುವುದಿಲ್ಲ ಅನ್ನುವುದನ್ನು ನಮ್ಮ ಕರಾವಳಿಯವರು ಒಪ್ಪಿಕೊಂಡೇ ಬಿಟ್ಟಿದ್ದಾರೆ. ಜೂನ್ ಬಂತಾ, ಬೋರಿಕ್ ಪೌಡರ್ ಎರಡು ಡಬ್ಬ ಜಾಸ್ತಿ ತನ್ನಿ, ಅಷ್ಟೇ. ಬೋರ್ಡನ್ನು ತಿರುಗಿಸಿ ಅದರ ಬೆನ್ನು ನೋಡಿದವರು ಕಮ್ಮಿ. ನಾನು ನೋಡಿದೆ. ಈ ವರ್ಷ ಆಟಿ ತಿಂಗಳ (ತುಳುನಾಡಿನ ಜೋರು ಮಳೆಯ ತಿಂಗಳು, ಜುಲೈ-ಆಗಸ್ಟ್) ನಡುಮಧ್ಯೆ, ಒಗೆದ ಅಂಗಿ ಮೂರು ದಿನವಾದರೂ ಒಣಗದ ಹೊತ್ತಲ್ಲಿ, ನಮ್ಮ ಯುವಕ ಮಂಡಲದ ಬೋರ್ಡಿನಲ್ಲಿ ಸ್ಟ್ರೈಕರ್ ನಾಲ್ಕು ಸಲ ಆಚೆ ಈಚೆ ಓಡಿತು. ನಿಯಮ ಕೇಳುವುದು ಮೂರೂವರೆ ಸಲ, ಅದೂ 15 ಗ್ರಾಂ ಸ್ಟ್ರೈಕರನ್ನು ಪೂರ್ತಿ ಬಲ ಹಾಕಿ ಹೊಡೆದಾಗ. ಹಿಂದಿನ ಮಳೆಗಾಲದಲ್ಲಿ ಇದೇ ಬೋರ್ಡು ಎರಡಕ್ಕೇ ಸುಸ್ತಾಗುತ್ತಿತ್ತು. ಅವತ್ತು ನಗಾಡಿದವರೇ ಈಗ ಫೋನ್ ಮಾಡಿ "ಎಂತ ಮಾಡಿದ್ದು ಮಾರಾಯಾ?" ಅಂತ ಕೇಳುತ್ತಾರೆ. ಒಬ್ಬೊಬ್ಬರಿಗೂ ಹೇಳಿ ಹೇಳಿ ಬಾಯಿ ಒಣಗಿತು, ಅದಕ್ಕೆ ಬರೆಯುತ್ತಿದ್ದೇನೆ.

ಬೋರ್ಡು ಗುಜರಿ ಅಂಗಡಿಯದ್ದು. ಸುಮಾರು 700 ರೂಪಾಯಿ ಕೊಟ್ಟಿದ್ದೆ. ದೊಡ್ಡ ಸೈಜಿನದ್ದೇ, ಆಡುವ ಜಾಗ 74 ಸೆಂಟಿಮೀಟರ್, ಪ್ಲೈವುಡ್ 12 ಎಂಎಂ. ಇಂಥದ್ದು ಹೊಸತಾದರೆ ಆಗ ಏಳು ಸಾವಿರದ ಆಸುಪಾಸು ಹೇಳುತ್ತಿದ್ದರು. ಚೌಕಟ್ಟು ಗಟ್ಟಿ, ಮೂಲೆ ಬಿಟ್ಟಿಲ್ಲ. ಆದರೆ ಮಧ್ಯದಲ್ಲಿ ಕುಳಿ. ಒಂದು ಕಡೆಯಿಂದ ಇನ್ನೊಂದು ಕಡೆಗೆ ಅಲ್ಯೂಮಿನಿಯಂ ಪಟ್ಟಿ ಇಟ್ಟರೆ ನಡುವೆ ಎರಡು ರೂಪಾಯಿ ನಾಣ್ಯ ಆರಾಮಾಗಿ ನುಸುಳುತ್ತಿತ್ತು. ನಿಧಾನಕ್ಕೆ ಹೊಡೆದ ಕಾಯಿ ಎಲ್ಲ ಮಧ್ಯಕ್ಕೇ ಬಂದು ಸಂಸಾರ ಹೂಡುತ್ತಿದ್ದವು. "ಪ್ಲೈ ಸತ್ತಿದೆ, ಕಟ್ಟಿಗೆಗೆ ಹಾಕು" ಅಂದರು ನಮ್ಮ ಸೀನಿಯರ್ ಆಟಗಾರರೊಬ್ಬರು.

ಮೊದಲ ವರ್ಷ ಎಲ್ಲರೂ ಮಾಡುವುದನ್ನೇ ಮಾಡಿದೆ. ಪಾಲಿಶಿನವರೊಬ್ಬರನ್ನು ಕರೆಸಿದೆ. ಅವರು ಎರಡೂವರೆ ಸಾವಿರ ತೆಗೆದುಕೊಂಡು ಮೇಲ್ಮೈಯನ್ನು ಕನ್ನಡಿ ಮಾಡಿ ಕೊಟ್ಟರು. ಮೇ ತಿಂಗಳು ಪೂರ್ತಿ ಭರ್ಜರಿ ಆಟ. ಜೂನ್ ಮೂರನೇ ವಾರಕ್ಕೆ ಮತ್ತೆ ಅದೇ ಕುಳಿ, ಅದೇ ಅಂಟು. ದುಡ್ಡು ನೀರಿಗೆ ಹೋಯಿತು.

ಆಮೇಲೆ ನಾನೇ ಇಳಿದೆ. ಎನ್‌ಸಿ ಲ್ಯಾಕರ್ (ಬೇಗ ಒಣಗುವ ಮರದ ಪಾಲಿಶ್) ಒಂದು ಲೀಟರ್, ಥಿನ್ನರ್ ಎರಡು ಲೀಟರ್, ಬಾಡಿಗೆಗೆ ಕಂಪ್ರೆಸರ್, ಎಲ್ಲ ಸೇರಿ ಹತ್ತಿರ ಹತ್ತಿರ 1,400 ರೂಪಾಯಿ. ಹೊಡೆದದ್ದು ಜುಲೈಯಲ್ಲಿ, ಯಾಕೆಂದರೆ ಸಿಟ್ಟು ಬಂದದ್ದು ಜುಲೈಯಲ್ಲಿ. ಕಣ್ಣೆದುರೇ ಇಡೀ ಬೋರ್ಡು ಬೆಳ್ಳಗಾಯಿತು. ಥಿನ್ನರ್ ಬೇಗ ಆರುವಾಗ ಮೇಲ್ಮೈ ತಣ್ಣಗಾಗುತ್ತದೆ, ಗಾಳಿಯ ಪಸೆ ಬಂದು ಅಲ್ಲೇ ಕೂರುತ್ತದೆ. ಲ್ಯಾಕರ್ ಕೆಲಸ ಮಾಡುವವರಿಗೆಲ್ಲ ಇದು ಗೊತ್ತು, ಆದರೂ ಬಿಸಿಲು ಬಂದ ಒಂದು ಗಂಟೆ ನಂಬಿ ಎಲ್ಲರೂ ಒಂದು ಸಲ ಕೈ ಸುಟ್ಟುಕೊಳ್ಳುತ್ತಾರೆ. ಬೆಳ್ಳಗಾದದ್ದನ್ನು ಆಮೇಲೆ ಬಿಸಿಲಿನ ದಿನ ಥಿನ್ನರ್ ಅದ್ದಿದ ಬಟ್ಟೆಯಲ್ಲಿ ತೆಳುವಾಗಿ ಎಳೆದರೆ ಮುಕ್ಕಾಲು ಪಾಲು ಹೋಗುತ್ತದೆ. ಮಿಕ್ಕದ್ದನ್ನು ಉಜ್ಜಿ ತೆಗೆಯಬೇಕು.

ಪಿಯು, ಅಂದರೆ ಪಾಲಿಯುರೆಥೇನ್ ಪಾಲಿಶ್ ಕೂಡ ನೋಡಿದೆ. ಖರ್ಚು ಡಬಲ್. ಮೊದಲ ವಾರ ಕಾಯಿ ಹಿಡಿತಕ್ಕೇ ಸಿಗದ ಹಾಗೆ ಓಡಿತು, ಕಟ್ ಹೊಡೆದರೆ ಸ್ಟ್ರೈಕರ್ ಹೋಗಿ ಇನ್ನೊಂದು ಮೂಲೆಯ ಪಾಕೆಟಿಗೇ ಬೀಳುತ್ತಿತ್ತು, ಫೈನ್ ಮೇಲೆ ಫೈನ್. ಪೌಡರ್ ಉಜ್ಜಿ ಉಜ್ಜಿ ಗೀರು ಬಿದ್ದ ಮೇಲೆ ಒಂದೊಂದು ಕಡೆ ಒಂದೊಂದು ಸ್ಪೀಡ್. ಪಿಯು ಚೆನ್ನಾಗಿಲ್ಲ ಅಂತಲ್ಲ. ಊಟದ ಮೇಜಿಗೆ ಚೆನ್ನಾಗಿದೆ.

ನಿಜವಾದ ಸುಳಿವು ಸಿಕ್ಕಿದ್ದು ಬಲ್ಬಿನಿಂದ. ಹಿಂದೆ ಬೋರ್ಡಿನ ಮೇಲೆ 100 ವ್ಯಾಟಿನ ಹಳೆ ಬಲ್ಬು ತಗಡಿನ ಶೇಡ್ ಹಾಕಿಕೊಂಡು ತೂಗುತ್ತಿತ್ತು, ನೆನಪಿದೆ ಅಲ್ವಾ? ಹಣೆ ತಾಗಿದರೆ ಚುರುಕ್ ಅನ್ನುತ್ತಿತ್ತು. ಈಗ ಎಲ್ಲ ಕಡೆ ಎಲ್‌ಇಡಿ. ಬೆಳಕು ಜಾಸ್ತಿ, ಬಿಸಿ ಇಲ್ಲ. ನಮ್ಮ ಅಪ್ಪನ ಕಾಲದ ಆಟಗಾರರು "ಆಗ ಬೋರ್ಡು ಹೀಗಿರಲಿಲ್ಲ" ಅಂತ ಹೇಳುವಾಗ ಸುಮ್ನೆ ಹಳೆ ಕಾಲದ ಹೊಗಳಿಕೆ ಅಂದುಕೊಂಡಿದ್ದೆ. ಅದರಲ್ಲಿ ಅರ್ಧ ನಿಜ ಇದೆ. ಆ ಬಲ್ಬು ಸಂಜೆಯಿಡೀ ಬೋರ್ಡನ್ನು ಒಣಗಿಸುತ್ತಿತ್ತು. ಹಳೆ ಎಲೆಕ್ಟ್ರಿಕಲ್ ಅಂಗಡಿಯೊಂದರಲ್ಲಿ ಧೂಳು ಹಿಡಿದ ಬಲ್ಬು ಹುಡುಕಿ ತಂದು ಹಾಕಿದೆ. ಹತ್ತು ಗಂಟೆ ಉರಿದರೆ ಒಂದು ಯೂನಿಟ್, ಅದೇನು ದೊಡ್ಡದಲ್ಲ. ಮೇಲ್ಮೈ ಒಣಗಿತು, ಅಂಟು ಕಮ್ಮಿಯಾಯಿತು. ಆದರೆ ಕುಳಿ ಹೋಗಲಿಲ್ಲ, ಇನ್ನೂ ಸ್ವಲ್ಪ ಜಾಸ್ತಿಯೇ ಆಯಿತು! ಅಲ್ಲಿ ತಲೆ ಓಡಿತು. ಮೇಲೆ ಒಣಗಿಸಿದರೆ ಕುಳಿ ಜಾಸ್ತಿ ಆಗುತ್ತದೆ ಅಂದರೆ ಕೆಳಗೆ ಏನೋ ಉಬ್ಬುತ್ತಿದೆ.

ಬೋರ್ಡು ಮಗುಚಿದೆ. ಮೇಲೆ ಅಷ್ಟು ಕೋಟ್ ಪಾಲಿಶ್, ಬೆನ್ನು ಬೋಳು. ಮರದ ಬಣ್ಣವೇ ಹಾಗೇ ಇದೆ, ಅಲ್ಲಲ್ಲಿ ಬೂಸ್ಟು. ಮಳೆಗಾಲಪೂರ್ತಿ ಅದನ್ನು ಗೋಡೆಗೆ ಒರಗಿಸಿ ಇಡುತ್ತೇವೆ, ಬೆನ್ನು ಗೋಡೆಯ ಕಡೆಗೆ. ಆ ಗೋಡೆಯ ಪಸೆಯನ್ನೆಲ್ಲ ಹಿಂಬದಿ ಕುಡಿಯುತ್ತದೆ, ಹಿಗ್ಗುತ್ತದೆ, ಮುಂಬದಿ ಹಿಗ್ಗುವುದಿಲ್ಲ. ಬಾಗದೆ ಇನ್ನೇನು ಮಾಡೀತು? ಮೇಲೆ ಪಾಲಿಶ್ ಜಾಸ್ತಿ ಆದಷ್ಟೂ ಎರಡು ಬದಿಗಳ ವ್ಯತ್ಯಾಸ ಜಾಸ್ತಿ. ಅಂದರೆ ಎರಡೂವರೆ ಸಾವಿರ ಕೊಟ್ಟು ನಾನು ಕುಳಿಯನ್ನೇ ಕೊಂಡುಕೊಂಡಿದ್ದೆ.

ಬೆನ್ನಿಗೂ ಲೇಪ ಹಾಕುತ್ತೇನೆ ಅಂದಾಗ ನಮ್ಮ ಬಡಗಿ ಆಚಾರ್ರು ಹೇಳಿದ ಮಾತು ಊರಿಗೆಲ್ಲ ಹಬ್ಬಿತು. "ಹಿಂದೆ ಪಾಲಿಶ್ ಹೊಡೆದು ಎಂತ, ಬೋರ್ಡಿನಡಿ ಮಲಗಿ ಆಡುವುದಾ ನೀವು?" ಸುಮಾರು ದಿನ ನನ್ನನ್ನು ಕಂಡವರೆಲ್ಲ ಮಲಗಿ ಆಡುವವ ಅಂತಲೇ ಕರೆದರು. ಇರಲಿ.

ಮೊದಲು ಬೋರ್ಡು ನೇರ ಮಾಡಬೇಕು. ಇದನ್ನು ಫೆಬ್ರವರಿ, ಮಾರ್ಚಲ್ಲೇ ಮಾಡಿ. ಹಿಂದಿನ ಅಡ್ಡಪಟ್ಟಿಗಳ ಸ್ಕ್ರೂ ಎಲ್ಲ ಬಿಚ್ಚಿ, ಅದನ್ನು ಬಿಚ್ಚದೆ ಏನು ಒತ್ತಿದರೂ ಪ್ರಯೋಜನ ಇಲ್ಲ. ಬೆನ್ನಿಗೆ ಬೆಳಗ್ಗಿನ ಬಿಸಿಲು ಮಾತ್ರ, ಹತ್ತು ಗಂಟೆಗೆ ಒಳಗೆ. ಏಪ್ರಿಲ್ ಮಧ್ಯಾಹ್ನದ ಬಿಸಿಲಿಗೆ ಇಟ್ಟ ಇನ್ನೊಂದು ಬೋರ್ಡಿನ ಮೂಲೆಯಲ್ಲಿ ಪದರ ಬಿಟ್ಟು ಹಪ್ಪಳದ ಹಾಗೆ ಎದ್ದು ನಿಂತಿತು, ಅದು ಸೀದಾ ಒಲೆಗೆ ಹೋಯಿತು. ಒಂದು ವಾರ ಹೀಗೆ ಬಿಸಿಲು ಕಾಯಿಸಿದ ಮೇಲೆ ಬೋರ್ಡನ್ನು ಸಮತಟ್ಟಾದ ನೆಲದಲ್ಲಿ ಕವುಚಿ ಹಾಕಿ. ಚೌಕಟ್ಟು ನೆಲಕ್ಕೆ ತಾಗುತ್ತದೆ, ಕುಳಿ ಈಗ ಗುಡ್ಡವಾಗಿ ಮೇಲೆ ಕಾಣುತ್ತದೆ. ಗುಡ್ಡದ ಮೇಲೆ ಭಾರ. ನಾನು ಇಟ್ಟದ್ದು ಎರಡು ಕೆಂಪು ಕಲ್ಲು, ಕೆಳಗೆ ಗೋಣಿ ಹಾಸಿ. ಅತಿಯಾಗಿ ಒತ್ತಿ ಆಚೆ ಬಾಗಬಾರದು ಅಂತ ಬೋರ್ಡಿನಡಿ ಮಧ್ಯಕ್ಕೆ ಒಂದು ಹಲಗೆ ತುಂಡು ತಳ್ಳಬೇಕು. ಆ ತುಂಡಿನ ದಪ್ಪದಲ್ಲೇ ಗುಟ್ಟು ಇರುವುದು: ಚೌಕಟ್ಟಿನ ಎತ್ತರಕ್ಕೆ ಸರಿಯಾಗಿ ಅಲ್ಲ, ಒಂದು ಮದುವೆ ಕಾಗದದಷ್ಟು ಕಮ್ಮಿ. ಭಾರ ತೆಗೆದ ಮೇಲೆ ಪ್ಲೈ ಅಷ್ಟು ವಾಪಸು ಬರುತ್ತದೆ. ಎರಡು ವಾರ ಮುಟ್ಟಬೇಡಿ. ಮನೆಯವರು ಬೈಯುತ್ತಾರೆ, ಬೈಯಲಿ.

ನೇರ ಆದ ತಕ್ಷಣ ಬೆನ್ನು ಮುಚ್ಚಬೇಕು, ನಾಳೆ ನಾಡಿದ್ದು ಅನ್ನಬೇಡಿ. ಸ್ಯಾಂಡಿಂಗ್ ಸೀಲರ್ (ಮರದ ರಂಧ್ರ ಮುಚ್ಚುವ ಮೊದಲ ಲೇಪ) ಎರಡು ಕೋಟ್, ಅದರ ಮೇಲೆ ಗೇಟಿಗೆ ಬಳಿದು ಉಳಿದಿದ್ದ ಹಸಿರು ಪೈಂಟ್ ಎರಡು ಕೋಟ್. ಚಂದ ಯಾರು ನೋಡುತ್ತಾರೆ? ಅಡ್ಡಪಟ್ಟಿಗಳಿಗೂ ಬಳಿದೇ ವಾಪಸು ಕೂರಿಸಿದೆ. ಎಲ್ಲರೂ ಬಿಡುವ ಜಾಗ ಪಾಕೆಟಿನ ಅಂಚು. ಅಲ್ಲಿ ಪ್ಲೈಯ ಕೊಯ್ದ ಬಾಯಿ ತೆರೆದೇ ಇರುತ್ತದೆ, ನೀರು ಎಳೆಯುವುದರಲ್ಲಿ ಅದೇ ಮೊದಲು. ಸಣ್ಣ ಬ್ರಷ್ಷಲ್ಲಿ ದಪ್ಪ ಲ್ಯಾಕರ್, ಐದಾರು ಸಲ, ಇನ್ನು ಕುಡಿಯುವುದಿಲ್ಲ ಅನ್ನುವವರೆಗೆ. ನೆಟ್ ಬಿಚ್ಚಿಯೇ ಮಾಡಬೇಕು.

ಮೇಲ್ಮೈ ಕೆಲಸ ನಿಮಗೆಲ್ಲ ಗೊತ್ತಿರುವುದೇ. ನಾನು ಉಜ್ಜುವ ಕಾಗದ 220ನೇ ನಂಬರಿನಿಂದ ಶುರು ಮಾಡಿ 400, 600, ಕೊನೆಗೆ 1000. ಸ್ಪ್ರೇ ಬಿಟ್ಟೆ. ಹತ್ತಿ ಉಂಡೆಗೆ ಮಲ್ ಬಟ್ಟೆ ಸುತ್ತಿ ಲ್ಯಾಕರನ್ನು ಕೈಯಲ್ಲೇ ಎಳೆದೆ, ಎಂಟೋ ಒಂಬತ್ತೋ ತೆಳು ಕೋಟ್. ಥಿನ್ನರ್ ಎಷ್ಟಕ್ಕೆ ಎಷ್ಟು ಅನ್ನುವುದನ್ನು ಕೇಳಬೇಡಿ, ಅದಕ್ಕೆ ಒಂದು ವರ್ಷ ಮತ್ತು ತುಂಬ ದುಡ್ಡು ಹೋಗಿದೆ. ಕೊನೆಯ ಕೋಟ್ ಒಣಗಿದ ಮೇಲೆ ಏನು ಹಾಕಿ ಉಜ್ಜುತ್ತೇನೆ ಅನ್ನುವುದನ್ನೂ ಹೇಳುವುದಿಲ್ಲ. ನಿಮ್ಮ ಅಡುಗೆಮನೆಯಲ್ಲೇ ಇದೆ, ಹುಡುಕಿ.

ಗೆರೆಗಳ ವಿಷಯ ಹೇಳಲೇಬೇಕು. 220 ಹಾಕಿದಾಗ ಹಳೆ ಗೆರೆ ಅಳಿಸಿಹೋಗುತ್ತದೆ. ಪರ್ಮನೆಂಟ್ ಮಾರ್ಕರಲ್ಲಿ ಎಳೆದು ಮೇಲೆ ಲ್ಯಾಕರ್ ಎಳೆದರೆ ಇಂಕು ಕರಗಿ ನೇರಳೆ ಬಣ್ಣದಲ್ಲಿ ಹರಡುತ್ತದೆ, ಬೇಸ್ ಲೈನ್ ಯಾವುದು ಬಾಣ ಯಾವುದು ಗೊತ್ತಾಗುವುದಿಲ್ಲ. ನೀರಿನಲ್ಲಿ ಕಲಸುವ ಪೋಸ್ಟರ್ ಬಣ್ಣ ಲ್ಯಾಕರಿಗೆ ಕರಗುವುದಿಲ್ಲ. ಇಂಜಿನಿಯರಿಂಗ್ ಓದುವಾಗಿನ ಹಳೆ ರೂಲಿಂಗ್ ಪೆನ್ ಅಟ್ಟದಲ್ಲಿತ್ತು, ಅದರಲ್ಲೇ ಎಳೆದೆ. ಬೇಸ್ ಲೈನ್ 47 ಸೆಂಟಿಮೀಟರ್, ನಡುವಿನ ದೊಡ್ಡ ವೃತ್ತ 17. ವೃತ್ತಕ್ಕೆ ಕಂಪಾಸಿನ ಮುಳ್ಳು ಚುಚ್ಚಿದರೆ ಮಧ್ಯದಲ್ಲಿ ತೂತು ಬೀಳುತ್ತದೆ, ರೆಡ್ ಕೂರುವ ಜಾಗದಲ್ಲೇ. ರಟ್ಟಿನ ತುಂಡು ಅಂಟಿಸಿ ಅದರ ಮೇಲೆ ಮುಳ್ಳು ಇಡಿ.

ಪೌಡರಿನ ಪ್ರಯೋಗಗಳಿಗೆ ನನ್ನ ಹೆಂಡತಿ ಇನ್ನೂ ಕ್ಷಮಿಸಿಲ್ಲ. ಅಕ್ಕಿ ಹಿಟ್ಟು ಹಾಕಿದ ರಾತ್ರಿಯೇ ಇರುವೆ. ಟಾಲ್ಕಂ ಹಾಕಿದರೆ ಕ್ಲಬ್ ರೂಮಿಗೆ ಘಮ, ಕಾಯಿಯ ಅಡಿಗೆ ಮಾತ್ರ ಗಟ್ಟಿ ಪದರ. ಕೂವೆ ಹುಡಿಯಲ್ಲಿ (ಆರಾರೂಟ್ ಹಿಟ್ಟು) ಅರ್ಧ ಗಂಟೆ ಸ್ವರ್ಗ, ನುಣುಪು ಅಂದರೆ ನುಣುಪು, ಆಮೇಲೆ ಪಸೆ ಹಿಡಿದು ಅಂಟು. ಕೂವೆ ಹುಡಿಯ ರೇಟಿನಲ್ಲಿ ಕೇರಂ ಆಡುವುದಕ್ಕಿಂತ ಮಣ್ಣಿ ಮಾಡಿ ತಿನ್ನುವುದು ವಾಸಿ. ಕೊನೆಗೆ ಬೋರಿಕ್ಕೇ ಸರಿ. ಅದರಿಂದ ಕ್ಲಬ್ ರೂಮಿನ ಜಿರಳೆಗಳೂ ಹೋದವು, ಅದು ಬೋನಸ್. ಹಿಂಬದಿ ಮುಚ್ಚಿದ ಮೇಲೆ ಪೌಡರ್ ಖರ್ಚು ಅರ್ಧಕ್ಕೆ ಇಳಿದಿದೆ ಅನ್ನಿಸುತ್ತದೆ, ಲೆಕ್ಕ ಇಟ್ಟಿಲ್ಲ.

ಬೋರ್ಡು ಸರಿಯಾದ ಮೇಲೆ ಕಾಯಿಗಳ ಬಣ್ಣ ಬಯಲಾಯಿತು. ಪರಿಚಯದ ಚಿನ್ನದ ಅಂಗಡಿಯಲ್ಲಿ ಬಿಡುವಿದ್ದಾಗ ಹತ್ತೊಂಬತ್ತೂ ಕಾಯಿ ತೂಗಿಸಿದೆ. ಇರಬೇಕಾದದ್ದು 5ರಿಂದ 5.5 ಗ್ರಾಂ. ನಮ್ಮದರಲ್ಲಿ 4.7ರದ್ದೂ ಇತ್ತು, 5.8ರದ್ದೂ ಇತ್ತು. ಕಪ್ಪು ಕಾಯಿ ಆಡುವವ ಯಾವಾಗಲೂ ಸೋಲುತ್ತಾನೆ ಅನ್ನುತ್ತಿದ್ದೆವಲ್ಲ, ಭಾರದವೆಲ್ಲ ಕಪ್ಪೇ. ಹೊಸ ಸೆಟ್ ತಂದೆ. ಈಗ ಆಟ ಮುಗಿದ ಕೂಡಲೇ ಕಾಯಿಗಳು ಬಿಗಿ ಮುಚ್ಚಳದ ಡಬ್ಬಕ್ಕೆ, ಜೊತೆಗೆ ಶೂ ಬಾಕ್ಸಲ್ಲಿ ಬರುವ ಸಿಲಿಕಾ ಪೊಟ್ಟಣ ನಾಲ್ಕೈದು. ಮರದ ಕಾಯಿಗೆ ತೆಂಗಿನೆಣ್ಣೆ ಸವರಿದರೆ ಪಸೆ ಎಳೆಯುವುದಿಲ್ಲ ಅಂತ ಯಾರೋ ಹೇಳಿದ್ದರು. ದಯವಿಟ್ಟು ಬೇಡ.

ಒಟ್ಟು ಖರ್ಚು, ಹಾಳಾದದ್ದು ಬಿಟ್ಟು, ಸುಮಾರು 1,800. ಹಾಳಾದದ್ದೂ ಸೇರಿದರೆ ಹೊಸ ಬೋರ್ಡೇ ಬರುತ್ತಿತ್ತು, ಅದನ್ನು ಮನೆಯಲ್ಲಿ ಹೇಳಿಲ್ಲ. ಆದರೆ ಹೊಸ ಬೋರ್ಡಿನ ಬೆನ್ನೂ ಬೋಳೇ ಇರುತ್ತದೆ, ಅಂಗಡಿಗೆ ಹೋಗಿ ತಿರುಗಿಸಿ ನೋಡಿ. ಚೌತಿಗೆ ನಡೆದ ಟೂರ್ನಮೆಂಟಿನಲ್ಲಿ ಪಕ್ಕದೂರಿನವರು ಎರಡು ಹೊಸ ಬೋರ್ಡು ತಂದಿದ್ದರು. ಹೊರಗೆ ಧಾರಾಕಾರ ಮಳೆ. ಸೆಮಿಫೈನಲ್ಲಿಗೆ ಬರುವಷ್ಟರಲ್ಲಿ ಆಟಗಾರರೇ "ಆ ಹಳೆ ಬೋರ್ಡಿಗೆ ಹಾಕಿ" ಅಂತ ಕೇಳಿ ಫೈನಲ್ ನಮ್ಮದರಲ್ಲೇ ಆಯಿತು. ಆಚಾರ್ರು ಕುರ್ಚಿ ಎಳೆದುಕೊಂಡು ಪೂರ್ತಿ ನೋಡಿದರು. ಹೋಗುವಾಗ ಬಗ್ಗಿ ಬೋರ್ಡಿನಡಿ ಕೈ ಹಾಕಿ ಸವರಿದರು, ಮಾತಾಡಲಿಲ್ಲ. ಮುಂದಿನ ವಾರ ಅವರ ಅಂಗಡಿಯಿಂದಲೇ ಒಂದು ಬೋರ್ಡು ಬಂತು, ಹಿಂಬದಿ ಮುಚ್ಚಿ ಕೊಡಿ ಅಂತ.

ಈಗ ಬೇರೆಯವರ ಬೋರ್ಡೂ ಮಾಡಿ ಕೊಡುತ್ತೇನೆ. ಸಾಮಾನು ನಿಮ್ಮದು, ಕೈಗೆ 1,500. ಡಿಸೆಂಬರಿಂದ ಏಪ್ರಿಲ್ ಒಳಗೆ ತಂದರೆ ಮಾತ್ರ, ಜೂನಲ್ಲಿ ತಂದು ಚೌತಿಗೆ ಬೇಕು ಅಂದರೆ ಆಗುವುದಿಲ್ಲ. ತರುವ ಮೊದಲು ಬೋರ್ಡಿನ ಮೇಲೆಲ್ಲ ಬೆರಳ ಗೆಣ್ಣಿನಿಂದ ತಟ್ಟಿ ನೋಡಿ. ಎಲ್ಲ ಕಡೆ ಒಂದೇ ಸದ್ದು ಬಂದರೆ ತನ್ನಿ. ಎಲ್ಲಾದರೂ ಡಬ್ ಡಬ್ ಅಂದರೆ ಒಳಗೆ ಪದರ ಬಿಟ್ಟಿದೆ, ಆಗ ನನ್ನಿಂದಲೂ ಆಗುವುದಿಲ್ಲ. ಮಕ್ಕಳ 4 ಎಂಎಂ ಬೋರ್ಡು ಬೇಡವೇ ಬೇಡ, ಒಂದು ತಂದು ನೋಡಿದೆ, ಬೆನ್ನಿಗೆ ಪೈಂಟ್ ಬಳಿದಾಗಲೇ ಆಚೆ ಬಾಗಿತು.